ಜಾಝ್‌ಗಂತ ತಿಂಗಳಿಗೆ ಎರಡು ಸಾವಿರ ಇಟ್ರ ಎಲ್ಲಿ ಹಾಕೂದು: ಎಲ್‌ಪಿನೋ, ಸಿಡಿನೋ, ಡೌನ್‌ಲೋಡೋ, ಟಿಕೆಟ್ಟೋ?

ಹುಬ್ಬಳ್ಳಿ-ಧಾರವಾಡದಾಗ ಜಾಝ್ ಸಂಗೀತ ಕೇಳೂ ಮಂದಿ ಕಡಿಮಿ ರಿ, ಆದ್ರ ಹುಚ್ಚು ಹತ್ತಿದವರಿಗೆ ಗಟ್ಟಿನ ಹತ್ತಿರ್ತೈತಿ, ಮತ್ತ ಹಂಥವರು ಎಲ್ಲರ ಭೆಟ್ಟಿ ಆದ್ರ ಸ್ವಲ್ಪ ಹೊತ್ತಿನಾಗ ಮಾತು ರೊಕ್ಕಕ್ಕ ಬಂದು ನಿಲ್ತೈತಿ. ಎಲ್‌ಪಿ (ಸೂಜಿ ಹಚ್ಚಿ ಕೇಳೂ ದೊಡ್ಡ ಕಪ್ಪು ರೆಕಾರ್ಡ್) ತಗೊಳ್ಳಲೋ, ಸಿಡಿ ಸಾಕೋ, ಮೊಬೈಲ್‌ನ್ಯಾಗ ಎಲ್ಲಾ ಸಿಗ್ತಾವಲ್ಲ ಅದರಾಗ ಕೇಳ್ಕೊಂತ ಕುಂಡ್ರಲೋ, ಇಲ್ಲಾ ರೊಕ್ಕ ಕೂಡಿಸಿ ಬೆಂಗಳೂರಿಗೋ ಗೋವಾಕ್ಕೋ ಹೋಗಿ ಒಂದು ಶೋ ಕೇಳಿ ಬರಲೋ. ನಾ ಇಲ್ಲೆ ತಿಂಗಳಿಗೆ ಎರಡು ಸಾವಿರ ಅಂತ ಹಿಡಕೊಂಡು ಬರೀತೀನಿ, ನಿಮ್ಮದು ಐದುನೂರಿದ್ರೂ ಐದು ಸಾವಿರಿದ್ರೂ ಲೆಕ್ಕ ಇದ.

ಯಾವುದರಾಗ ಸೌಂಡ್ ಚಲೋ ಅನ್ನೂದು ಎರಡನೇ ಪ್ರಶ್ನೆ. ಮೊದಲ ಪ್ರಶ್ನೆ, ನೀವು ಕೊಟ್ಟ ರೊಕ್ಕ ಯಾರಿಗೆ ಮುಟ್ತೈತಿ ಅನ್ನೂದು. ಎಲ್ಲಾರೂ ಮೊದಲು ತಗೊಳ್ಳೂ ಆಲ್ಬಮ್ ಅಮೆರಿಕಾದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ ಕೈಂಡ್ ಆಫ್ ಬ್ಲೂ, 1959ರ ಮಾರ್ಚ್ 2 ಮತ್ತ ಏಪ್ರಿಲ್ 22ಕ್ಕ ನ್ಯೂಯಾರ್ಕ್‌ನ ಕೊಲಂಬಿಯಾ ಸ್ಟುಡಿಯೋದಾಗ ರೆಕಾರ್ಡ್ ಆಗಿದ್ದು. ಅದರಾಗ ಬಾರಿಸಿದ ಏಳು ಮಂದಿಯೊಳಗ ಕಡೀಕ ಉಳದಾಂವ ಡ್ರಮ್ಸ್‌ನ ಜಿಮ್ಮಿ ಕಾಬ್, ಅಂವಾ 2020ರಾಗ ತೀರಿಕೊಂಡ. ಅಂದ್ರ ಇವತ್ತು ಆ ರೆಕಾರ್ಡಿಗೆ ನೀವು ನಾಲ್ಕು ಸಾವಿರ ಸುರದ್ರೂ ಬಾರಿಸಿದ ಒಬ್ಬರ ಕೈಗೂ ಅದು ಹೋಗಂಗಿಲ್ಲ. ತಗೋಬ್ಯಾಡ್ರಿ ಅಂತ ಅಲ್ಲ, ಆ ಆಲ್ಬಮ್ ಮನ್ಯಾಗ ಇರಲೇಬೇಕು. ಆದ್ರ ಹೋದವರ ಸಂಗೀತ ಕೇಳಾಕ ಕಡಿಮಿ ಖರ್ಚಿನ ಚಲೋ ದಾರಿ ಹುಡುಕ್ರಿ, ಉಳದ ರೊಕ್ಕಾನ ಈಗ ಊರೂರು ತಿರಗಿ ಬಾರಸಾಕ ಹತ್ತಿದವರ ಕೈಗೆ ಹಾಕ್ರಿ ಅನ್ನೂದು ನನ್ನ ಹಠ. ಕೆಳಗ ಬರೂದೆಲ್ಲಾ ಈ ಹಠದಿಂದನ ಬಂದದ್ದು, ಒಪ್ಪದವರು ಬ್ಯಾರೆ ಲೆಕ್ಕ ಹಾಕ್ಕೋಬಹುದು.

ಎಲ್‌ಪಿ

ನಮ್ಮ ಕಡೆ ಮನ್ಯಾಗ ರೆಕಾರ್ಡ್ ಇರೂದು ಹೊಸಾದೇನಲ್ಲ. 1930ರ ದಶಕದಾಗ ಗಂಗೂಬಾಯಿ ಹಾನಗಲ್ಲರ ರೆಕಾರ್ಡ್ ಎಚ್‌ಎಂವಿಯಿಂದ ಬಂದಾಗ ಅವು ನಿಮಿಷಕ್ಕ 78 ಸುತ್ತು ತಿರಗೂ ತಟ್ಟೆ, ಒಂದು ಮಗ್ಗಲಕ್ಕ ಮೂರು-ಮೂರೂವರಿ ನಿಮಿಷ, ಅಷ್ಟರಾಗ ರಾಗ ಹಿಡದು, ತಾನ್ ತಗೊಂಡು, ಮುಗಿಸಿ ಏಳಬೇಕು. 1928ರಾಗ ಲೂಯಿ ಆರ್ಮ್‌ಸ್ಟ್ರಾಂಗ್ ಟ್ರಂಪೆಟ್ ಊದಿ ರೆಕಾರ್ಡ್ ಮಾಡಿದಾಗಲೂ ಅಷ್ಟ ಟೈಮು. 1948ರಾಗ ಕೊಲಂಬಿಯಾ ಕಂಪನಿ ಎಲ್‌ಪಿ ತಂದ ಮ್ಯಾಲ ಒಂದು ಮಗ್ಗಲಕ್ಕ ಇಪ್ಪತ್ತು-ಇಪ್ಪತ್ತೆರಡು ನಿಮಿಷ ಸಿಕ್ತು, ಅಲ್ಲಿಂದ ಮುಂದ ಉದ್ದನ ಸೋಲೋ ರೆಕಾರ್ಡ್ ಆಗಾಕ ಹತ್ತಿದ್ವು, 1950-60ರ ದಶಕದ ದೊಡ್ಡ ಆಲ್ಬಮ್‌ಗಳೆಲ್ಲಾ ಆ ಅಳತಿಗೇ ಕಟ್ಟಿದಂಥವು. ಒಂದು ಮಗ್ಗಲಾ ಕೇಳೂದು, ಎದ್ದು ತಿರುವಿ ಹಾಕೂದು, ಮತ್ತ ಕುಂಡ್ರೂದು. ಎಲ್‌ಪಿ ಪರವಾಗಿ ನಾ ಒಪ್ಪೂ ದೊಡ್ಡ ಕಾರಣ ಇದೊಂದ. ಸೌಂಡ್ ಬೆಚ್ಚಗ ಇರ್ತೈತಿ ಅದು ಇದು ಅಂತಾರಲ್ಲ, ಅದೆಲ್ಲಾ ರೆಕಾರ್ಡ್ ಒತ್ತಿದವರು ಯಾರು, ಯಾವ ಟೇಪಿನಿಂದ ಒತ್ಯಾರ ಅನ್ನೂದರ ಮ್ಯಾಲ ಐತಿ.

ಖರ್ಚು ಹೇಳ್ತೀನಿ. ಹೊಸಾ ಎಲ್‌ಪಿ ಒಂದಕ್ಕ ಎರಡೂವರಿಯಿಂದ ನಾಲ್ಕು ಸಾವಿರ ತನಕ ಬೀಳ್ತೈತಿ, ಅಂದ್ರ ನಿಮ್ಮ ತಿಂಗಳ ರೊಕ್ಕ ಒಂದರಾಗೇ ಮುಗದು ಮ್ಯಾಲ ಸಾಲ. ಪರದೇಶದಿಂದ ನೀವಾ ತರಸಿದ್ರ ಪೋಸ್ಟಿನ ಖರ್ಚ ಕೆಲವೊಮ್ಮೆ ರೆಕಾರ್ಡಿನ ಬೆಲಿ ದಾಟ್ತೈತಿ, ಅದರ ಮ್ಯಾಲ ಕಸ್ಟಮ್ಸ್. ಟರ್ನ್‌ಟೇಬಲ್ ಬ್ಯಾರೆ ಆತು. ಸೂಟ್‌ಕೇಸ್ ಆಕಾರದ ಅಗ್ಗದ ಪ್ಲೇಯರ್ ಬರ್ತಾವಲ್ಲ ಅವನ್ನ ದಯವಿಟ್ಟು ತಗೋಬ್ಯಾಡ್ರಿ, ಸೂಜಿಯ ಭಾರ ಹೆಚ್ಚು ಬಿದ್ದು ರೆಕಾರ್ಡಿನಾಗ ಸೂಜಿ ಓಡೂ ಸಾಲನ್ನ ತಿಂದು ಹಾಕ್ತಾವ. ಹಿಂದ ಭಾರ ಅಡ್ಜಸ್ಟ್ ಮಾಡೂ ಕೌಂಟರ್‌ವೇಟ್ ಇರೂ ಪ್ಲೇಯರು, ಮ್ಯಾಗ್ನೆಟ್ ಕಾರ್ಟ್ರಿಜ್, ಸುಮಾರು ಎರಡು ಗ್ರಾಂ ಒಳಗ ಭಾರ, ಇಷ್ಟು ಬೇಕ ಬೇಕು, ಅದಕ್ಕ ಹದಿನೈದು-ಇಪ್ಪತ್ತು ಸಾವಿರದ ಮ್ಯಾಲ ಹೋಗ್ತೈತಿ. ಆಮ್ಯಾಲ ನಮ್ಮ ಹವಾ. ಹುಬ್ಬಳ್ಳಿ ಧೂಳು ಕಿಟಕಿ ಹಾಕಿದ್ರೂ ಒಳಗ ಬರ್ತೈತಿ, ಧಾರವಾಡದ ಜುಲೈ-ಆಗಸ್ಟ್ ಮಳ್ಯಾಗ ಕಾಗದದ ಕವರಿಗೆ ಬೂಜು ಹಿಡೀತೈತಿ. ರೆಕಾರ್ಡ್ ತಗದ ನೋಡಿದ್ರ ಕಪ್ಪ ಮ್ಯಾಲ ಬೆಳ್ಳಗ ಸಣ್ಣ ಚುಕ್ಕಿ ಚುಕ್ಕಿ, ಸೂಜಿ ಹಚ್ಚಿದ್ರ ಚಟ್-ಚಟ್-ಚಟ್. ಒಳಗಿನ ಕಾಗದದ ಕವರ್ ತಗದು ಆಂಟಿಸ್ಟ್ಯಾಟಿಕ್ ಪ್ಲಾಸ್ಟಿಕ್ ಕವರ್ ಹಾಕಬೇಕು, ನಿಂದರಿಸಿ ಇಡಬೇಕು, ಒಂದರ ಮ್ಯಾಲೊಂದು ಒಟ್ಟಬಾರದು, ಪ್ರತಿ ಸಲ ಕಾರ್ಬನ್ ಫೈಬರ್ ಬ್ರಷ್ ಆಡಿಸಬೇಕು. ಇದಕ್ಕೆಲ್ಲಾ ಪುರಸೊತ್ತು ಇದ್ದವರು ಮಾತ್ರ ಎಲ್‌ಪಿಗೆ ಕೈ ಹಾಕ್ರಿ.

ಇನ್ನೊಂದು ಮಾತು ಇಲ್ಲೆ ಹೇಳಲೇಬೇಕು, ಭಾಳ ಮಂದಿಗೆ ಗೊತ್ತಿರಂಗಿಲ್ಲ. ಆನ್‌ಲೈನ್‌ನ್ಯಾಗ ಇದ ಕೈಂಡ್ ಆಫ್ ಬ್ಲೂ ಎಲ್‌ಪಿ ಸಾವಿರದ ಚಿಲ್ಲರಕ್ಕ ಸಿಕ್ರ ಹಿಗ್ಗಬ್ಯಾಡ್ರಿ, ಲೇಬಲ್, ಅಂದ್ರ ರೆಕಾರ್ಡ್ ತಂದ ಕಂಪನಿ ಯಾವುದು ನೋಡ್ರಿ. ಯುರೋಪಿನಾಗ ರೆಕಾರ್ಡಿಂಗ್ ಹಕ್ಕು ಮೊದಲು 50 ವರ್ಷಕ್ಕ ಮುಗೀತಿತ್ತು, ಆಮ್ಯಾಲ ಅದನ್ನ 70ಕ್ಕ ಏರಿಸಿದ್ರು ಖರೆ, ಆದ್ರ ಅಷ್ಟೊತ್ತಿಗೆ 1962ರ ತನಕ ಬಿಡುಗಡೆ ಆಗಿದ್ದರ ಹಕ್ಕು ಮುಗದ ಹೋಗಿತ್ತು. ಅದಕ್ಕ 1950ರ ದಶಕದ ಜಾಝನ್ನ ಅಲ್ಲೆ ಯಾರು ಬೇಕಾದ್ರೂ ಒತ್ತಿ ಮಾರಬಹುದು, ಮಾಸ್ಟರ್ ಟೇಪ್ ಅವರ ಹತ್ರ ಇರಂಗಿಲ್ಲ, ಎಷ್ಟೋ ಸಲ ಸಿಡಿಯಿಂದನ ಎತ್ತಿ ಎಲ್‌ಪಿ ಮಾಡಿರ್ತಾರ, ರೆಕಾರ್ಡಿಂಗಿನ ಪಾಲಂತ ಕಲಾವಿದರ ಮನಿತನಕ್ಕೂ ಏನೂ ಹೋಗಂಗಿಲ್ಲ. ಕವರಿನ ಮ್ಯಾಲ ಯಾವ ಟೇಪು, ಯಾರು ಮಾಸ್ಟರಿಂಗ್ ಮಾಡಿದ್ರು (ಟೇಪಿನ ಸೌಂಡ್ ಹದ ಮಾಡಿ ಒತ್ತಾಕ ತಯಾರು ಮಾಡಿದ್ರು) ಅಂತ ಹೆಸರಿಲ್ಲಂದ್ರ ಸಂಶಯ ಪಡ್ರಿ. ಅದರ ಎದುರಿಗೆ ಬ್ಲೂ ನೋಟ್ ಅನ್ನೂ ಅಮೆರಿಕಾದ ಜಾಝ್ ಕಂಪನಿಯವರು 2019ರಿಂದ ಟೋನ್ ಪೊಯೆಟ್ ಅಂತ ಸರಣಿ ತರಾಕ ಹತ್ಯಾರ, ಮಾಸ್ಟರಿಂಗ್ ಎಂಜಿನಿಯರ್ ಕೆವಿನ್ ಗ್ರೇ ಮೂಲ ಟೇಪಿನಿಂದ ಕಟ್ ಮಾಡ್ತಾರ, ತುಟ್ಟಿ ಆದ್ರೂ ವರ್ಷಕ್ಕ ಒಂದು ಎಲ್‌ಪಿ ತಗೊಳ್ಳೂದಾದ್ರ ಹಂಥಾದ್ದು ತಗೋರಿ. ಸಿಡಿಯಿಂದ ಎತ್ತಿದ ಎಲ್‌ಪಿಗಿಂತ ಆ ಸಿಡಿನ ತಗೊಳ್ಳೂದು ಸಾವಿರ ಪಾಲು ಮೇಲು.

ಹಳೇ ಎಲ್‌ಪಿ ತಗೊಳ್ಳೂದಾದ್ರ ಗ್ರೇಡಿಂಗ್, ಅಂದ್ರ ರೆಕಾರ್ಡ್ ಎಷ್ಟು ಸವದೈತಿ ಅನ್ನೂ ಗುರ್ತು, ಓದಾಕ ಕಲೀರಿ. ವಿಜಿ (ವೆರಿ ಗುಡ್) ಪ್ಲಸ್ ತನಕ ಕಣ್ಣು ಮುಚ್ಚಿ ತಗೋಬಹುದು, ವಿಜಿ ಅಂದ್ರ ಚಟಪಟ ಇರೂದ, ಬರೇ ಗುಡ್ ಅಂತ ಬರದಿದ್ರ ಅದನ್ನ ಗ್ವಾಡಿಗೆ ನೇತು ಹಾಕಾಕ ಮಾತ್ರ. ಕೋಲ್ಕತ್ತಾದ ದಮ್ ದಮ್ ಫ್ಯಾಕ್ಟರಿಯೊಳಗ ಒತ್ತಿದ ಇಂಡಿಯಾ ಪ್ರೆಸ್ಸಿಂಗ್ ಸಿಕ್ರ ಅಗ್ಗ ಇರ್ತಾವ, ಗದ್ದಲ ಸ್ವಲ್ಪ ಹೆಚ್ಚು. ಬಿಸಲಿಗೆ ಹಿಡದು ಓರೆ ಮಾಡಿ ನೋಡ್ರಿ, ಮ್ಯಾಲಿನ ತೆಳ್ಳನ ಗೀರು ನಡೀತಾವ, ಉಗುರಿಗೆ ಹತ್ತೂ ಗೀರು ನಡ್ಯಂಗಿಲ್ಲ.

ಸಿಡಿ

ಹೋದವರ ಸಂಗೀತಕ್ಕ ನನ್ನ ಉತ್ತರ ಸಿಡಿ, ಎರಡನೇ ಮಾತಿಲ್ಲ. ಹಳೇ ಸಿಡಿ ಮುನ್ನೂರು-ನಾಲ್ಕನೂರಕ್ಕ ಸಿಗ್ತಾವ, ಹೊಸಾವು ಐದುನೂರರಿಂದ ಸಾವಿರದ ಮ್ಯಾಲ. ಧೂಳಿಗೆ, ಮಳಿಗೆ ಅಂಜಂಗಿಲ್ಲ. ಮನ್ಯಾಗ ಮೂಲ್ಯಾಗ ಬಿದ್ದ ಹಳೇ ಡಿವಿಡಿ ಪ್ಲೇಯರ್ ಇದ್ರ ಅದನ್ನ ಒಂದು ಆಂಪ್ಲಿಫೈಯರಿಗೆ ಹಚ್ಚಿದ್ರ ಶುರು ಮಾಡಬಹುದು, ಕಂಪ್ಯೂಟರ್‌ನ್ಯಾಗ ಹಾಕಿ ಫ್ಲ್ಯಾಕ್ ಫೈಲ್ (ಸೌಂಡ್ ಒಂದು ಚೂರೂ ಕಳಕೊಳ್ಳದ ಫೈಲ್) ಮಾಡಿಟ್ರ ಮೊಬೈಲ್‌ಗೂ ಆತು. ಜತಿಗೆ ಬರೂ ಪುಸ್ತಕದಾಗ ಯಾವ ದಿನ, ಯಾವ ಸ್ಟುಡಿಯೋ, ಬಾಸ್ (ಮಂದ್ರ ಸ್ವರದ ದೊಡ್ಡ ತಂತಿ ವಾದ್ಯ) ಯಾರು, ಡ್ರಮ್ಸ್ ಯಾರು ಎಲ್ಲಾ ಇರ್ತೈತಿ. ಜಾಝ್ ಕೇಳೂದಂದ್ರ ಅರ್ಧ ಈ ಹೆಸರಿನ ಬೆನ್ನ ಹತ್ತೂದ ಅಲ್ಲೇನ್ರಿ, ಪಾಲ್ ಚೇಂಬರ್ಸ್‌ನ ಬಾಸ್ ಕೈಂಡ್ ಆಫ್ ಬ್ಲೂದಾಗ ಕೇಳಿ ಮೆಚ್ಚಿ ಅಂವಾ ಬ್ಯಾರೆ ಎಲ್ಲೆಲ್ಲಿ ಬಾರ್ಸ್ಯಾನ ಅಂತ ಹುಡುಕ್ಕೊಂತ ಹೋಗೂದು.

ಶ್ರುತಿ ಕಿವಿ ಇರೂ ಧಾರವಾಡದವರಿಗೆ ಇದೊಂದು ಹೇಳ್ತೀನಿ. ಕೈಂಡ್ ಆಫ್ ಬ್ಲೂದ ಮೊದಲ ಮಗ್ಗಲದ ಮೂರು ಹಾಡು ಮಾರ್ಚ್ 2ರ ರೆಕಾರ್ಡಿಂಗ್, ಆ ದಿನ ಟೇಪ್ ಮಷೀನ್ ಸ್ವಲ್ಪ ನಿಧಾನ ಓಡಿತ್ತು, ಹಂಗಾಗಿ ಸರಿ ಸ್ಪೀಡಿನಾಗ ತಿರಿಗಿಸಿದಾಗ ಎಲ್ಲಾ ಒಂದು ಚೂರು ಏರು ಶ್ರುತಿಯೊಳಗ ಬಂತು, ಮೂವತ್ತು ವರ್ಷದ ಮ್ಯಾಲ ಜಗತ್ತು ಹಂಗ ಕೇಳ್ತು. 1992ರ ಮರುಬಿಡುಗಡೆಯೊಳಗ ಅದನ್ನ ಸರಿ ಮಾಡಿದ್ರು. ಅದಕ್ಕ ಹಳೇ ಎಲ್‌ಪಿ ಅಂದ್ರ ಒರಿಜಿನಲ್, ಒರಿಜಿನಲ್ ಅಂದ್ರ ಮೇಲು ಅಂತ ತಿಳ್ಕೊಂಡು ದುಪ್ಪಟ್ಟು ಕೊಡೂ ಮುಂದ ಎರಡು ಸಲ ವಿಚಾರ ಮಾಡ್ರಿ, ಈ ವಿಷಯದಾಗ ಹಂಗ ಸರಿ ಮಾಡಿದ ಸಿಡಿನ ಖರೇ ಶ್ರುತಿ ಕೊಡ್ತೈತಿ.

ಉದ್ದನ ಕಛೇರಿಗೂ ಸಿಡಿನ ಚಲೋ, 74-80 ನಿಮಿಷ ಎದ್ದೇಳೂ ಕೆಲಸಿಲ್ಲ. 1975ರ ಜನವರಿ 24ಕ್ಕ ಕೀತ್ ಜ್ಯಾರೆಟ್ ಜರ್ಮನಿಯ ಕಲೋನ್‌ದಾಗ ಒಬ್ಬಾಂವ ಪಿಯಾನೋಕ್ಕ ಕುಂತು ಬಾರಿಸಿದ್ದನ್ನ ಎಲ್‌ಪಿಗೆ ಹೊಂದಸಾಕ ಎರಡನೇ ಭಾಗಾ ತುಂಡು ಮಾಡಬೇಕಾತು. ಅಹೋರಾತ್ರಿ ಸಂಗೀತ ಕೇಳಿ ಬೆಳದ ನಮಗ ಹಂಗ ನಡು ಕಡಿಯೂದು ಸೇರಂಗಿಲ್ಲ.

ನಮ್ಮ ನಾಡಿನ ನಂಟಿರೂ ಎರಡು ಆಲ್ಬಮ್ ಹುಡುಕಿ ಇಟ್ಕೋರಿ ಅಂತ ಹೇಳಲೇಬೇಕು. ಒಂದು ಚಾರ್ಲಿ ಮರಿಯಾನೋನ ಜ್ಯೋತಿ, 1983, ಜರ್ಮನಿಯ ಇಸಿಎಂ ರೆಕಾರ್ಡ್ ಕಂಪನಿ, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜತಿಗೆ, ಟಿ.ಎ.ಎಸ್. ಮಣಿ ಅವರ ಮೃದಂಗ, ಆರ್.ಎ. ರಮಾಮಣಿ ಅವರ ಧ್ವನಿ. ಅಮೆರಿಕಾದ ಸ್ಯಾಕ್ಸೊಫೋನಿನಾಂವ, ನಾಗಸ್ವರಾನೂ ಕಲತಾಂವ, ತಾಳದ ಲೆಕ್ಕದಾಗ ಒಂದು ಕಡೆನೂ ಹೊರಗಿನವರ ಹಂಗ ಅನಿಸಂಗಿಲ್ಲ. ಇನ್ನೊಂದು 2008ರ ಕಿನ್ಸ್‌ಮೆನ್, ಅಮೆರಿಕಾದ ರುದ್ರೇಶ್ ಮಹಾಂತಪ್ಪ ಮತ್ತ ನಮ್ಮ ಕದ್ರಿ ಗೋಪಾಲನಾಥ್, ಎರಡು ಆಲ್ಟೋ ಸ್ಯಾಕ್ಸೊಫೋನ್ ಎದುರುಬದುರು. ಜಾಝ್ ಅಂದ್ರ ತಿಳಿಯಂಗಿಲ್ಲ ಅನ್ನೂ ಮನಿಮಂದಿಗೆ ಮೊದಲು ಇದನ್ನ ಕೇಳಸ್ರಿ.

ಸ್ಟ್ರೀಮಿಂಗ್ ಮತ್ತ ಡೌನ್‌ಲೋಡ್

ಸ್ಟ್ರೀಮಿಂಗ್ ಹುಡುಕಾಟಕ್ಕ ಚಲೋ, ಇಷ್ಟ. ತಿಂಗಳಿಗೆ ನೂರು-ಇನ್ನೂರರಾಗ ಜಗತ್ತೆಲ್ಲಾ ಸಿಗ್ತೈತಿ, ಇಸಿಎಂನಂಥಾ ಹಠದ ಕಂಪನಿನೂ 2017ರ ನವೆಂಬರಿನಾಗ ಬಂತು. ಆದ್ರ ನೀವು ಕೊಟ್ಟ ರೊಕ್ಕ ನೀವು ಕೇಳಿದವರಿಗೆ ಹೋಗಂಗಿಲ್ಲ, ಎಲ್ಲಾರ ರೊಕ್ಕ ಒಂದ ಹಗೇವಿಗೆ ಬಿದ್ದು ಯಾರದು ಹೆಚ್ಚು ಓಡ್ತೈತೋ ಅವರಿಗೆ ಹೆಚ್ಚು ಪಾಲು. ಸ್ಪಾಟಿಫೈನಾಗ 2024ರಿಂದ ಒಂದು ಹಾಡು ಹನ್ನೆರಡು ತಿಂಗಳಾಗ ಸಾವಿರ ಸಲ ಓಡಲಿಲ್ಲಂದ್ರ ಅದಕ್ಕ ರಾಯಲ್ಟಿ ಇಲ್ಲ. ಸಣ್ಣ ಜಾಝ್ ತ್ರಯದ ಹದಿನಾಲ್ಕು ನಿಮಿಷದ ಹಾಡಿಗೂ ಎರಡು ನಿಮಿಷದ ಪಾಪ್ ಹಾಡಿಗೂ ಲೆಕ್ಕ ಒಂದ ಓಟ. ಹುಡುಕ್ರಿ, ಕೇಳ್ರಿ, ಮೆಚ್ಚಿದ್ರ ಬ್ಯಾರೆ ಕಡೆ ಹೋಗಿ ತಗೋರಿ.

ಆ ಬ್ಯಾರೆ ಕಡೆ ಅಂದ್ರ ಕಲಾವಿದರು ತಮ್ಮ ಆಲ್ಬಮ್ ತಾವಾ ಮಾರೂ ಬ್ಯಾಂಡ್‌ಕ್ಯಾಂಪ್ ಅನ್ನೂ ಸೈಟು, ಇಲ್ಲಾ ಕಲಾವಿದರ ಸ್ವಂತ ಸೈಟು. ಬ್ಯಾಂಡ್‌ಕ್ಯಾಂಪ್ ಡೌನ್‌ಲೋಡ್ ಮ್ಯಾಲ ಶೇಕಡಾ 15, ಎಲ್‌ಪಿ-ಸಿಡಿ ಮ್ಯಾಲ ಶೇಕಡಾ 10 ಹಿಡ್ಕೊಂತೈತಿ, ಪೇಮೆಂಟ್ ಫೀ ಹೋಗಿ ಉಳದದ್ದು ಕಲಾವಿದರಿಗೆ ಇಲ್ಲಾ ಅವರ ಲೇಬಲ್ಲಿಗೆ. 2020ರ ಮಾರ್ಚಿನಾಗ, ಶೋ ಎಲ್ಲಾ ಬಂದ್ ಆದ ಹೊತ್ತಿನಾಗ, ಬ್ಯಾಂಡ್‌ಕ್ಯಾಂಪ್ ಫ್ರೈಡೇ ಅಂತ ಶುರು ಮಾಡಿದ್ರು, ಮೊದಲ ಹೇಳಿದ ಕೆಲವು ಶುಕ್ರವಾರ ಅವರು ತಮ್ಮ ಪಾಲು ಬಿಡ್ತಾರ. ನಿಮ್ಮ ಪಟ್ಟಿ ರೆಡಿ ಇಟ್ಕೊಂಡು ಆ ದಿನಾನ ತಗೋರಿ. ಒಂದು ಆಲ್ಬಮ್ ಏಳು-ಹತ್ತು ಡಾಲರ್ ಇರ್ತೈತಿ, ಫ್ಲ್ಯಾಕ್ ಫೈಲ್ ಕೈಗೆ ಬರ್ತೈತಿ, ಹೆಚ್ಚು ಕೊಡೂ ಮನಸಿದ್ರ ಕೊಡಬಹುದು. ನಿಮ್ಮ ಕಾರ್ಡಿನಾಗ ಇಂಟರ್‌ನ್ಯಾಷನಲ್ ಪೇಮೆಂಟ್ ಚಾಲು ಐತೇನು ಮೊದಲು ಬ್ಯಾಂಕಿನ ಆ್ಯಪ್‌ನ್ಯಾಗ ನೋಡ್ಕೋರಿ, ಮತ್ತ ಡೌನ್‌ಲೋಡ್ ಮಾಡಿದ್ದನ್ನ ಎರಡು ಹಾರ್ಡ್ ಡಿಸ್ಕಿನಾಗ ಇಡ್ರಿ. ಬದುಕಿದ್ದವರ ರೆಕಾರ್ಡಿಂಗ್‌ನ ಮನ್ಯಾಗ ಕುಂತು ತಗೊಳ್ಳೂದಾದ್ರ ಇದಕ್ಕಿಂತ ಚಲೋ ದಾರಿ ನನಗಂತೂ ಕಂಡಿಲ್ಲ.

ಹೋಗಿ ಕೇಳೂದು

ಈ ಸಂಗೀತ ನಮ್ಮ ದೇಶಕ್ಕ ಹೊಸಾದಲ್ಲ. ಅಮೆರಿಕಾದ ದೊಡ್ಡ ಜಾಝ್ ಪಿಯಾನೋದವರಾದ ಡೇವ್ ಬ್ರೂಬೆಕ್ 1958ರಾಗ, ಡ್ಯೂಕ್ ಎಲಿಂಗ್ಟನ್ 1963ರಾಗ ಬಂದು ಹೋಗ್ಯಾರ, 1978ರಾಗ ಬಾಂಬೆದಾಗ ಜಾಝ್ ಯಾತ್ರಾ ಅನ್ನೂ ಹಬ್ಬ ಶುರು ಆದಾಗ ಸ್ಯಾಕ್ಸೊಫೋನಿನ ಸನ್ನಿ ರಾಲಿನ್ಸ್ ಬಂದು ಊದ್ಯಾನ. ಅವರೆಲ್ಲಾ ಹುಬ್ಬಳ್ಳಿಗೆ ಬರಲಿಲ್ಲ ಅನ್ನೂದಷ್ಟ ನಮ್ಮ ಪಾಡು, ನಾವ ಹೋಗಬೇಕು.

ಬೆಂಗಳೂರು ಇಲ್ಲಾ ಗೋವಾ, ಖರೇ ಹೋಲಿಕಿ ಇದು. ಬೆಂಗಳೂರಿನಾಗ ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್‌ನಂಥಾ ಜಾಗಾದಾಗ ಪರದೇಶದ ಟೂರಿಂಗ್ ಬ್ಯಾಂಡ್ ಬರ್ತಾವ, ಸೌಂಡ್ ಚಲೋ, ಮಂದಿ ಸುಮ್ನ ಕುಂತು ಕೇಳ್ತಾರ. ಆದ್ರ ನಾಲ್ಕುನೂರಕ್ಕ ಮ್ಯಾಲ ಕಿಲೋಮೀಟರ್, ಟಿಕೆಟ್ ತುಟ್ಟಿ, ಧಾರವಾಡದಿಂದ ಮಧ್ಯಾಹ್ನ ಬಿಡೂ ವಂದೇ ಭಾರತ್ ರಾತ್ರಿ ಮುಟ್ಟಿಸ್ತೈತಿ, ಅಲ್ಲಿಂದ ವೈಟ್‌ಫೀಲ್ಡ್ ಟ್ರಾಫಿಕ್ ದಾಟೂದ್ರಾಗ ಮೊದಲ ಸೆಟ್ ಮುಗದಿರ್ತೈತಿ. ಹಿಂದಿನ ರಾತ್ರಿ ರಾಣಿ ಚೆನ್ನಮ್ಮ ರೈಲು ಹತ್ತಿ ಹೋಗೂದ ಶಾಣ್ಯಾತನ, ಶೋ ಮುಗದ ಮ್ಯಾಲ ಒಂದು ರಾತ್ರಿ ರೂಮಿನ ಖರ್ಚೂ ಹಿಡೀರಿ. ಒಟ್ಟು ಆರು-ಏಳು ಸಾವಿರ ಆಗ್ತೈತಿ, ಅಂದ್ರ ಮೂರು-ಮೂರೂವರಿ ತಿಂಗಳ ರೊಕ್ಕ.

ಗೋವಾ ಅರ್ಧಕ್ಕಿಂತ ಕಡಿಮಿ ದೂರ, ಮತ್ತ ಅಲ್ಲೆ ಜಾಝ್ ಮನಿತನದೊಳಗ ಇಳದು ಬಂದದ್ದು, ಬಾಂಬೆದ ಹಳೇ ಜಾಝ್ ಬ್ಯಾಂಡು, ಸಿನಿಮಾ ಆರ್ಕೆಸ್ಟ್ರಾ ತುಂಬಾ ಗೋವಾದವರ ಇದ್ರು. ನವೆಂಬರಿಂದ ಮಾರ್ಚ್ ತನಕ ಸಣ್ಣ ಸಣ್ಣ ಜಾಗಾದಾಗ ಶೋ ಇರ್ತಾವ, ಎಷ್ಟೋ ಕಡೆ ಟಿಕೆಟ್ಟ ಇಲ್ಲ, ನಾಲ್ಕು ಮಾರಿನ ದೂರದಾಗ ಕುಂತು ಡ್ರಮ್ಸ್‌ನಾಂವ ಕೋಲಿನ ಬದ್ಲಿ ಹಿಡಿಯೂ ತಂತಿಯ ಬ್ರಷ್ ಹೆಂಗ ಆಡಿಸ್ತಾನ, ಬಾಸ್‌ನಾಂವನ ಎಡಗೈ ಬೆಳ್ಳು ಹೆಂಗ ಜಾರ್ತಾವ ಎಲ್ಲಾ ಕಾಣ್ತೈತಿ. ಮಂದಿ ಊಟ ಮಾಡ್ಕೊಂತ ಮಾತಾಡ್ತಾರ, ಅದೊಂದು ತ್ರಾಸು. ಮಳಿಗಾಲದಾಗ ಹೋಗಬ್ಯಾಡ್ರಿ, ಭಾಳ ಜಾಗಾ ಬಂದ್. ದೊಡ್ಡ ಹೆಸರು ಬೇಕಂದ್ರ ಬೆಂಗಳೂರು, ಹತ್ರ ಕುಂತು ಕಲೀಬೇಕಂದ್ರ ಗೋವಾ. ನಾ ಮೊದಲ ಸಲ ಹೋಗೂವರಿಗೆ ಗೋವಾನ ಹೇಳ್ತೀನಿ. ಮುಂಬೈದ ಎನ್‌ಸಿಪಿಎ ಸಭಾಂಗಣಕ್ಕ ವರ್ಷಕ್ಕೊಮ್ಮೆ ಜಾಝ್ ಹಬ್ಬದ ಟೈಮಿನಾಗ ಹೋದ್ರ ಸಾಕು.

ಎಲ್ಲಿಗೇ ಹೋಗ್ರಿ, ಶೋ ಮುಗದ ಮ್ಯಾಲ ಟೇಬಲ್ ಮ್ಯಾಲ ಇಟ್ಟ ಸಿಡಿ ತಗೊಳ್ಳಾರದ ಬರಬ್ಯಾಡ್ರಿ. ಅದರ ರೊಕ್ಕ ಅವತ್ತ ಅವರ ಕೈಗೆ ಬೀಳ್ತೈತಿ, ಊಟ, ಟ್ಯಾಕ್ಸಿ ಅದರಾಗ ಆಗಿ ಹೋಗ್ತಾವ. ಪರದೇಶದವರ ಹತ್ರ ಯುಪಿಐ ಸಾಮಾನ್ಯವಾಗಿ ಇರಂಗಿಲ್ಲ, ನೋಟು ಇಟ್ಕೊಂಡು ಹೋಗ್ರಿ. ಮನ್ಯಾಗ ಸಿಡಿ ಪ್ಲೇಯರ್ ಇಲ್ಲಂದ್ರೂ ತಗೋರಿ.

ಲೆಕ್ಕ ಹಾಕೂದಾದ್ರ ಹಿಂಗ. ಕೆಸಿಡಿ, ಬಿವಿಬಿಯಂಥಾ ಕಾಲೇಜಿನಾಗ ಓದೂ ಹುಡುಗರು ಸ್ಟ್ರೀಮಿಂಗ್‌ನ್ಯಾಗ ಹುಡುಕ್ರಿ, ಎರಡು ತಿಂಗಳಿಗೊಂದು ಬ್ಯಾಂಡ್‌ಕ್ಯಾಂಪ್ ಆಲ್ಬಮ್ ತಗೋರಿ, ವರ್ಷಕ್ಕೊಮ್ಮೆ ಗೋವಾ. ನೌಕರಿ ಇದ್ದವರು ಎರಡು ಸಾವಿರದಾಗ ಐದುನೂರು ಹಳೇ ಸಿಡಿಗೆ, ಏಳುನೂರು ಡೌನ್‌ಲೋಡಿಗೆ, ಉಳದ ಎಂಟುನೂರು ಪ್ರವಾಸಕ್ಕಂತ ಮುಟ್ಟದ ಇಡ್ರಿ, ವರ್ಷಕ್ಕ ಒಂಬತ್ತು ಸಾವಿರದ ಮ್ಯಾಲ ಆಗ್ತೈತಿ, ಒಂದು ಬೆಂಗಳೂರು ಒಂದು ಗೋವಾ ಅದರಾಗ ಸುಮಾರು ಕೂಡ್ತಾವ. ಎಲ್‌ಪಿ ಬೋನಸ್ ಬಂದಾಗ.

ಅವರನ್ನ ಇಲ್ಲೇ ಕರಸೂದು

ನಕಾಶೆ ತಗದು ನೋಡ್ರಿ. ಬೆಂಗಳೂರಿಂದ ಗೋವಾಕ್ಕ ಹೋಗೂ ಬ್ಯಾಂಡು, ಬೆಂಗಳೂರಿಂದ ಪುಣೆಗೆ ಹೋಗೂ ಬ್ಯಾಂಡು, ರಸ್ತೆದಾಗ ಹೋದ್ರ ಹುಬ್ಬಳ್ಳಿ-ಧಾರವಾಡ ದಾರ್ಯಾಗ ಬರ್ತೈತಿ. ಎರಡು ಶೋ ನಡುವಿನ ಖಾಲಿ ದಿನ ಟೂರಿಂಗ್ ಮಂದಿಗೆ ಬರೇ ಖರ್ಚಿನ ದಿನ, ರೂಮು ಊಟ ಎಲ್ಲಾ ಕೈಯಿಂದ. ಆ ದಿನ ನಾವು ಇಪ್ಪತ್ತೈದು ಮಂದಿ ಕೂಡಿ ತಲಿಗೆ ಸಾವಿರದಂಗ ಪಟ್ಟಿ ಹಾಕಿದ್ರ ಇಬ್ಬರು ಕಲಾವಿದರಿಗೆ ಮರ್ಯಾದೆಯ ಸಂಭಾವನೆ ಆಗ್ತೈತಿ, ಮತ್ತ ನಿಮ್ಮ ಬೆಂಗಳೂರು ಟ್ರಿಪ್ಪಿನ ಖರ್ಚಿನಾಗ ಏಳನೇ ಒಂದು ಪಾಲಿಗೆ ನಿಮ್ಮ ಊರಾಗ ಕೇಳಿದಂಗ ಆತು. ಬೈಠಕ್ ಮಾಡಾಕ ನಮಗ ಯಾರೂ ಕಲಿಸಬೇಕಾಗಿಲ್ಲ, ಜಮಖಾನಿ ಹಾಸಿ ನಾಲ್ಕು ಹಾಡುಗಾರರ ಎದುರಿಗೆ ಕುಂತು ಬೆಳದ ಊರು ಇದು. ಸಮ್ (ತಾಳದ ಮೊದಲ ಪೆಟ್ಟು) ಮ್ಯಾಲ ತಲಿ ಅಲ್ಲಾಡಿಸೂ ಕೇಳುಗರು ಸಿಕ್ರ ಬಾರಿಸೂವರೂ ಅರಳ್ತಾರ.

ಕರಸೂದಾದ್ರ ಕೆಲವು ಮಾತು. ಐದು ಮಂದಿ ಬ್ಯಾಂಡ್ ಕರೀಬ್ಯಾಡ್ರಿ, ಗಿಟಾರ್-ಸ್ಯಾಕ್ಸೊಫೋನ್ ಇಬ್ಬರು, ಇಲ್ಲಾ ಬಾಸ್ ಸೇರಿ ಮೂವರು. ಫರಸಿ ಹಾಸಿದ ನಮ್ಮ ಮನಿ ಹಾಲಿನಾಗ ಪೂರಾ ಡ್ರಮ್ ಸೆಟ್ ಬಾರಿಸಿದ್ರ ಕಿವಿ ಹೋಗ್ತೈತಿ, ಡ್ರಮ್ಸ್ ಇರಲೇಬೇಕಂದ್ರ ಬ್ರಷ್‌ನಿಂದ ಬಾರಸ್ರಿ ಅಂತ ಮೊದಲ ಕೇಳ್ಕೋರಿ. ಪಿಯಾನೋ ನುಡಿಸೂವರನ್ನ ಕರಿಯೂ ಮುಂದ ಊರಾಗ ಶ್ರುತಿ ಸರಿ ಇರೂ ಪಿಯಾನೋ ಸಿಗ್ತೈತೇನು ನೋಡ್ರಿ, ಸಿಗದಿದ್ರ 88 ಕೀಲಿಯ ವೇಯ್ಟೆಡ್ (ಪಿಯಾನೋದಂಗ ಭಾರದ ಕೀಲಿ ಇರೂ) ಕೀಬೋರ್ಡ್ ಬಾಡಿಗಿಗೆ ತರಬೇಕು, ಸಣ್ಣ ಕ್ಯಾಸಿಯೋ ಕೊಟ್ಟು ಕುಂಡ್ರಸಬಾರದು. ದೊಡ್ಡ ಬಾಸ್ ವಿಮಾನದಾಗ ತರೂದು ಕಷ್ಟ, ಹಂಗಾಗಿ ಅವರು ಬೆಂಗಳೂರಾಗ ಯಾರದರ ಬಾಸ್ ಇಸ್ಕೊಂಡು ಬಾರಿಸಿರ್ತಾರ, ಅದು ಹುಬ್ಬಳ್ಳಿ ತನಕ ಬರ್ತೈತೋ ಇಲ್ಲೋ ಫೋನಿನಾಗ ಕೇಳ್ರಿ. ಸಂಭಾವನೆ ಎಷ್ಟು ಅಂತ ಮೊದಲ ಬರದು ಕಳಸ್ರಿ, ಮಂದಿ ಎಷ್ಟು ಬರ್ತಾರ ನೋಡಿ ಕೊಡ್ತೀವಿ ಅನ್ನಬ್ಯಾಡ್ರಿ, ಕಡಿಮಿ ಬಿದ್ರ ಕರದವರು ತುಂಬಬೇಕು. ಅರ್ಧ ಮುಂಗಡ, ಉಳದರ್ಧ ಬಾರಸೂ ಮುಂಚೆ. ರಾತ್ರಿ ಒಂಬತ್ತರ ತನಕ ಮುಗಸ್ರಿ, ಮರದಿನ ಮುಂಜಾನೆ ಗೋವಾಕ್ಕ ಹೋಗೂವರು ಯಲ್ಲಾಪುರ ಘಟ್ಟ ಇಳೀಬೇಕಿರ್ತೈತಿ. ಬಾಗಲ ಹತ್ರ ಸಿಡಿ ಇಡಾಕ ಒಂದು ಟೇಬಲ್ ಹಾಕಿ, ಚಿಲ್ಲರ ರೊಕ್ಕ ಮತ್ತ ನಿಮ್ಮ ಯುಪಿಐ ಕೋಡ್ ಇಟ್ಟು ಒಬ್ಬ ಹುಡುಗನ್ನ ಕುಂಡ್ರಸ್ರಿ, ಕೂಡಿದ್ದನ್ನ ಎಣಿಸಿ ಅದ ರಾತ್ರಿ ಅವರ ಕೈಗೆ ಕೊಡ್ರಿ.